ಗಿಟಾರಿನ ಮೈಮೇಲೆ ಒಂದು ಹನಿ ಲ್ಯಾಕರ್

ಕೇಳುಗರಿಗೆ ನಮಸ್ಕಾರ.

ಮಡಿಕೇರಿಯ ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಬಿಳಿ ಕೂರುತ್ತದೆ. ನಾನು ಮೊದಲ ಸಲ ಗಿಟಾರಿಗೆ ಲ್ಯಾಕರ್, ಅಂದರೆ ಮರಕ್ಕೆ ಹೊಳಪು ಕೊಡುವ ಲೇಪ, ಹೊಡೆದದ್ದು ಅಂಥದೇ ಒಂದು ಜುಲೈನಲ್ಲಿ. ಕನ್ನಡಿಯಂತೆ ಹೊಳೆಯುತ್ತಿದ್ದ ಮೈ ನೋಡನೋಡುತ್ತಲೇ ಹಾಲು ಚೆಲ್ಲಿದ ಹಾಗಾಯಿತು. ಒರೆಸಿದರೂ ಹೋಗಲಿಲ್ಲ. ಲ್ಯಾಕರನ್ನು ತೆಳುವಾಗಿಸಲು ಬೆರೆಸುವ ತಿನ್ನರ್ ಆರುವಾಗ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂತು ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ಒಣ ಹವೆಯ ದಿನ, ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರನ್ನು ತೆಳ್ಳಗೆ ಸಿಂಪಡಿಸಿದ ಮೇಲೆ ಆ ಬಿಳುಪು ಕರಗಿತು. ಅಂದಿನಿಂದ ಈ ಕೆಲಸವನ್ನು ನಾನು ಕಣದಲ್ಲಿ ಕಾಫಿ ಒಣಗುವ ತಿಂಗಳುಗಳಿಗೇ ಇಟ್ಟುಕೊಂಡಿದ್ದೇನೆ.

ಈಗ ಗೋಣಿಕೊಪ್ಪದ ಹುಡುಗನೊಬ್ಬನ ಗಿಟಾರು ನನ್ನ ಮೇಜಿನ ಮೇಲಿದೆ. ಬಾಗಿಲ ಚಿಲಕ ತಗುಲಿ ಅಕ್ಕಿಕಾಳಿನಷ್ಟು ಲ್ಯಾಕರ್ ಎದ್ದಿದೆ. ಮೊದಲು ಅದು ಯಾವ ಲೇಪ ಎಂದು ತಿಳಿಯಬೇಕು. ಹೊರಗೆ ಕಾಣದ ಜಾಗದಲ್ಲಿ ಹತ್ತಿಗೆ ತಿನ್ನರ್ ಅದ್ದಿ ಮುಟ್ಟಿಸಿದೆ. ಅಂಟಾಯಿತು, ಅಂದರೆ ತಿನ್ನರಿಗೆ ಕರಗುವ ಲೇಪ, ಬಹುಶಃ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಇದರಲ್ಲಿ ಹೊಸ ಹನಿ ಹಳೆಯ ಪದರವನ್ನು ಕರಗಿಸಿ ಒಂದಾಗುತ್ತದೆ. ಈಚಿನ ಬಹುಪಾಲು ಗಿಟಾರುಗಳ ಪಾಲಿಯೆಸ್ಟರ್, ಪಾಲಿಯುರೆಥೇನ್ ಲೇಪಗಳು ಹೀಗೆ ಕರಗುವುದಿಲ್ಲ; ಅಲ್ಲಿನ ಗುಂಡಿಗೆ ಸೂಪರ್ ಗ್ಲೂ ತುಂಬುವುದೇ ಸರಿ.

ಸಣ್ಣ ಕುಂಚದಿಂದ ಒಂದೇ ಹನಿ ಬಿಡುತ್ತೇನೆ. ಮರುದಿನಕ್ಕೆ ಅದು ಕುಗ್ಗಿ ಮತ್ತೆ ಗುಂಡಿ ಕಾಣುತ್ತದೆ. ಇನ್ನೊಂದು ಹನಿ. ಸುತ್ತಲಿನ ಮೈಗಿಂತ ತುಸು ಉಬ್ಬಿ ನಿಲ್ಲುವವರೆಗೂ ಹೀಗೆಯೇ. ಒಂದೇ ದಿನ ತುಂಬಿಬಿಟ್ಟರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ. ಪಕ್ಕದಲ್ಲಿ ಒಲೆ, ಬೀಡಿ ಯಾವುದೂ ಬೇಡ. ಇದರ ಆವಿಗೆ ಬೆಂಕಿ ಬೇಗ ಹಿಡಿಯುತ್ತದೆ.

ಉಬ್ಬನ್ನು ಇಳಿಸಲು ಬ್ಲೇಡಿನ ಎರಡು ತುದಿಗೂ ಟೇಪ್ ಸುತ್ತಿ, ನಡುವಿನ ಅಲಗನ್ನು ಮಾತ್ರ ಬಿಟ್ಟು ಮೆಲ್ಲಗೆ ಹೆರೆಯುತ್ತೇನೆ. ಟೇಪಿನ ದಪ್ಪವೇ ಅಕ್ಕಪಕ್ಕದ ಲ್ಯಾಕರನ್ನು ಕಾಯುತ್ತದೆ. ಆಮೇಲೆ 1000, 1500, 2000 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ನಯವಾದ ಉಜ್ಜುಕಾಗದ, ಸೋಪಿನ ನೀರು, ಕೊನೆಗೆ ಹೊಳಪು ತರುವ ರಬ್ಬಿಂಗ್ ಕಾಂಪೌಂಡ್. ಗಿಟಾರಿನ ಅಂಚಿನಲ್ಲಿ ಲೇಪ ತೆಳು, ನಾಲ್ಕು ಉಜ್ಜಿಗೆ ಮರ ಕಾಣುತ್ತದೆ. ಅಲ್ಲಿ ಕೈ ತಡೆಯಿರಿ. ಸ್ಕ್ರೂ ತೂತಿಗೆ ನೀರಿಳಿದರೆ ಮರ ಉಬ್ಬಿ ಸುತ್ತಲೂ ಬಿರುಕು ಬಿಡುತ್ತದೆ.

ಹುಡುಗ ದಿನವೂ ಫೋನ್ ಮಾಡುತ್ತಾನೆ, "ಅಂಕಲ್, ಆಯ್ತಾ?" ಬ್ಲೇಡ್ ಹಿಡಿಯುವ ಮುನ್ನ ನಾನು ಆ ಹನಿಯ ಹತ್ತಿರ ಮೂಗು ಒಯ್ಯುತ್ತೇನೆ. ತಿನ್ನರಿನ ವಾಸನೆ ಇನ್ನೂ ಇದೆ. ಇನ್ನೊಂದು ವಾರ, ಮಗಾ.

ನಮಸ್ಕಾರ.