ಸುಮ್ನೆ ಕೂರದ ಗುಂಡನಿಗೆ ಬೆಡ್ ರೆಸ್ಟ್

ಇವನು ಗುಂಡ, ನಮ್ಮ ಜರ್ಬಿಲ್, ಅಂದರೆ ಇಲಿಯಂಥ ಪುಟ್ಟ ಸಾಕುಪ್ರಾಣಿ. ಹಿಂದಿನ ಎಡಗಾಲು ನೋಡಿ, ನೆಲಕ್ಕೆ ಊರುತ್ತಿಲ್ಲ. ಮೂರೇ ಕಾಲಲ್ಲಿ ಓಡುತ್ತಿದ್ದಾನೆ. ಓಡುತ್ತಿದ್ದಾನಲ್ಲ, ಅದೇ ತಲೆನೋವು.

ಮೂಳೆ ಬಿರುಕು ಬಿಟ್ಟಿದೆ, ಚರ್ಮ ಹರಿದಿಲ್ಲ, ರೆಸ್ಟ್ ಕೊಡಿ ಅಂದರು ಡಾಕ್ಟರ್. ಪಟ್ಟಿ ಕಟ್ಟಲ್ವಾ ಅಂತ ಕೇಳಿದೆ. ಕಟ್ಟಿದರೂ ಕಡಿದು ಬಿಸಾಕುತ್ತಾನಂತೆ. ಬೆಳೆದ ಜರ್ಬಿಲ್ ತೂಗುವುದೇ 60ರಿಂದ 100 ಗ್ರಾಂ, ಅದರಲ್ಲಿ ಕಾಲು ಎಷ್ಟಿರಬಹುದು ಹೇಳಿ. ನೋವಿಗೆ ಹನಿ ಔಷಧಿ ಇದೆ, ಇವನ ತೂಕಕ್ಕೆ ಲೆಕ್ಕ ಹಾಕಿ ಕೊಟ್ಟಿದ್ದು. ನಾವು ನುಂಗುವ ಮಾತ್ರೆಯನ್ನೇ ಚೂರು ಮುರಿದು ಕೊಟ್ಟರೆ ಆಗಲ್ವಾ? ಆಗಲ್ಲ. ಪ್ರಾಣಕ್ಕೇ ಕುತ್ತು.

ಈಗ ಗೂಡು ತೋರಿಸುತ್ತೇನೆ. ಚಕ್ರ, ಏಣಿ, ಮೇಲಿನ ಅಟ್ಟ ಎಲ್ಲವನ್ನೂ ತೆಗೆದಿದ್ದೇನೆ. ಕಂಬಿ ಚಕ್ರದ ಸಂದಿಯಲ್ಲಿ, ಜಾಲರಿ ಏಣಿಯಲ್ಲಿ ಸಿಕ್ಕಿಕೊಂಡೇ ಇಂಥ ಕಾಲುಗಳು ಜಾಸ್ತಿ ಮುರಿಯುವುದು. ವಾಸಿಯಾದ ಮೇಲೂ ಸಂದಿಯಿಲ್ಲದ ಗಟ್ಟಿ ಚಕ್ರವೇ ಇವನಿಗೆ. ನೀರು, ಊಟ ಎರಡೂ ಮಲಗುವ ಜಾಗದ ಪಕ್ಕದಲ್ಲೇ ಇವೆ. ಕಾಗದದ ಹಾಸನ್ನು ತೆಳ್ಳಗೆ ಹರಡಿದ್ದೇನೆ, ದಪ್ಪ ಇದ್ದರೆ ಸುರಂಗ ತೋಡಲು ಶುರು. ಮಂಗೋಲಿಯಾದ ಬಯಲಲ್ಲಿ ಬಿಲ ತೋಡಿಕೊಂಡು ಬದುಕಿದ ಜಾತಿ ಇದು. ತೋಡಬೇಡ ಅಂದರೆ ಕೇಳುತ್ತದಾ? ಪಾಪ, ಬೇಜಾರು ಕಳೆಯಲಿ ಅಂತ ರಟ್ಟಿನ ತುಂಡು ಹಾಕುತ್ತೇನೆ. ಹಲ್ಲು ಬೆಳೆಯುತ್ತಲೇ ಇರುತ್ತದಲ್ಲ, ಕಡಿಯುವ ಕೆಲಸವಂತೂ ನಿಲ್ಲಬಾರದು.

ಆ ಕಡೆ ಇಣುಕುತ್ತಿರುವವನು ಇವನ ಜೊತೆಗಾರ. ಒಟ್ಟಿಗಿದ್ದರೆ ಮೈಮೇಲೆ ಬಿದ್ದು ಆಡುತ್ತಾನೆ, ಕಾಲಿಗೆ ಕೆಲಸ ಬೀಳುತ್ತದೆ. ಪೂರ್ತಿ ಬೇರೆ ಮಾಡಿದರೆ ಇನ್ನೊಂದು ಫಜೀತಿ. ಒಬ್ಬರ ವಾಸನೆ ಒಬ್ಬರಿಗೆ ಮರೆತರೆ, ಮತ್ತೆ ಸೇರಿಸಿದಾಗ ರಕ್ತ ಬರುವ ಹಾಗೆ ಕಚ್ಚಾಡುತ್ತವೆ ಇವು. ಅದಕ್ಕೇ ಗೂಡಿನ ನಡುವೆ ಅಡ್ಡ ಜಾಲರಿ ಕಟ್ಟಿದ್ದೇನೆ, ಕಾಲು ತೂರದಷ್ಟು ಸಣ್ಣ ಕಣ್ಣಿನದು. ಆಗಾಗ ಇಬ್ಬರ ಜಾಗ ಅದಲು ಬದಲು ಮಾಡುತ್ತೇನೆ.

ಬೆಳಿಗ್ಗೆ ತೂಕ ನೋಡುವುದನ್ನು ಮಾತ್ರ ತಪ್ಪಿಸಲ್ಲ. ಇಂಥ ಪ್ರಾಣಿಗಳು ನೋವನ್ನು ಮುಚ್ಚಿಡುತ್ತವೆ. ತೂಕ ಇಳಿದರೆ ಊಟ ಬಿಟ್ಟಿದ್ದಾನೆ ಅಂತ ಗೊತ್ತಾಗುತ್ತದೆ. ಕಣ್ಣು, ಮೂಗಿನ ಸುತ್ತ ಕೆಂಪು ಅಂಟು ಕಂಡರೆ ಅದು ರಕ್ತವೇ ಆಗಿರಬೇಕಿಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ದ್ರವ ಇರಬಹುದು. ಒತ್ತಡದಲ್ಲಿದ್ದಾಗ ಅದು ಜಾಸ್ತಿ. ಬೆರಳು ಊದಿ ಕಪ್ಪಾದರೆ, ಅಥವಾ ತನ್ನ ಕಾಲನ್ನು ತಾನೇ ಕಡಿಯಲು ಶುರು ಮಾಡಿದರೆ, ಕಾಯುವ ಮಾತೇ ಇಲ್ಲ, ತಕ್ಷಣ ಹೊರಡಬೇಕು.

ಎತ್ತುವಾಗ ಹೀಗೆ, ಎರಡೂ ಅಂಗೈಯಲ್ಲಿ ತುಂಬಿಕೊಳ್ಳಿ. ಬಾಲ ಹಿಡಿದು ಎಳೆದರೆ ಅದರ ಚರ್ಮವೇ ಕಿತ್ತು ಬರುತ್ತದೆ, ಮತ್ತೆ ಬೆಳೆಯಲ್ಲ.

ಕಾಲು ಕೂಡದಿದ್ದರೆ ತೆಗೆಯಬೇಕಾಗಬಹುದು ಅಂತಲೂ ಡಾಕ್ಟರ್ ಹೇಳಿದ್ದಾರೆ. ಮೂರು ಕಾಲಿನ ಜರ್ಬಿಲ್‌ಗಳು ಚೆನ್ನಾಗಿಯೇ ಬದುಕುತ್ತವೆ. ಆ ಮಾತಿಗೆ ಹೆದರಿದ್ದು ನಾನು, ಗುಂಡ ಅಲ್ಲ.

ಮುಂದಿನ ಸಲ ಹೋದಾಗ ಈ ವಿಡಿಯೋವನ್ನೇ ಅವರಿಗೆ ತೋರಿಸುತ್ತೇನೆ. ಅಲ್ಲಿನ ಮೇಜಿನ ಮೇಲೆ ಇಟ್ಟರೆ ಮಹಾಶಯ ಹೆದರಿ ಅಲ್ಲಾಡುವುದೇ ಇಲ್ಲ. ನಡಿಗೆ ಹೇಗಿದೆ ಅಂತ ಅವರಿಗೆ ಗೊತ್ತಾಗಬೇಕಲ್ಲ.