ಒಂಬತ್ತೂಕಾಲರ ಊಟ

ಎಲ್ಲರಿಗೂ ನಮಸ್ಕಾರ. ಮನೆಮಂದಿ ಒಟ್ಟಿಗೆ ಕೂತು ಉಣ್ಣುವುದರ ಬಗ್ಗೆ ಮಾತಾಡಿ ಅಂದಿರಿ, ಉಪನ್ಯಾಸ ಇಟ್ಟದ್ದು ಮಾತ್ರ ರಾತ್ರಿ ಊಟಕ್ಕೆ ತಯಾರಾಗುವ ಹೊತ್ತಿಗೆ. ಬೇಗ ಮುಗಿಸುತ್ತೇನೆ.

ನಮ್ಮ ಕಡೆ ದಾರಿಯಲ್ಲಿ ಸಿಕ್ಕಿದವರನ್ನೂ ತುಳುವಿನಲ್ಲಿ 'ಒಣಸ್ ಆಂಡಾ?', ಊಟ ಆಯ್ತಾ, ಅಂತ ಕೇಳುತ್ತೇವೆ. ಎರಡು ವರ್ಷದ ಹಿಂದೆ ನಾನು ಅದನ್ನೇ ಮಗಳಿಗೆ ವಾಟ್ಸಾಪಿನಲ್ಲಿ ಕೇಳುತ್ತಿದ್ದೆ. ಅವಳು ಮಾಳಿಗೆಯಲ್ಲಿ, ನಾನು ಕೆಳಗೆ ಅಡುಗೆಮನೆಯಲ್ಲಿ!

ನನ್ನ ಕೆಲಸ ಮಂಗಳೂರಿನಲ್ಲಿ, ಮನೆ ಉಡುಪಿಯಲ್ಲಿ. ದಿನಾ ಎಕ್ಸ್‌ಪ್ರೆಸ್ ಬಸ್ಸು. ಮನೆ ಮುಟ್ಟುವಾಗ ಏಳೂವರೆ. ಯಜಮಾನರು ಅಂಗಡಿ ಬಾಗಿಲು ಹಾಕುವುದು ಒಂಬತ್ತಕ್ಕೆ. ಮಗನಿಗೆ ಟ್ಯೂಷನ್. ಅತ್ತೆಗೆ ಶುಗರ್, ಅವರು ಕಾಯುವ ಹಾಗಿಲ್ಲ. ಒಂದೇ ಸಾರನ್ನು ನಾಲ್ಕು ಸಲ ಬಿಸಿ ಮಾಡುವುದೇ ನನ್ನ ರಾತ್ರಿಯ ಕೆಲಸ.

ಒಂದು ಭಾನುವಾರ ಹೇಗೋ ಎಲ್ಲರೂ ಸೇರಿದೆವು. ನೋಡುತ್ತೇನೆ, ಅತ್ತೆ ಅನ್ನ ಕಿವುಚಿ ಕಿವುಚಿ ಎಡಗಡೆಯಲ್ಲೇ ಅಗಿಯುತ್ತಿದ್ದಾರೆ. ಕುಚ್ಚಲಕ್ಕಿ ಗೊತ್ತಲ್ಲ, ದಪ್ಪ ಅಗುಳು. ಕೇಳಿದರೆ, "ಬಲಗಡೆ ಹಲ್ಲುನೋವು ಶುರುವಾಗಿ ಹದಿನೈದು ದಿನ ಆಯ್ತು. ನೀವೆಲ್ಲ ಗಡಿಬಿಡಿಯಲ್ಲಿ ಇರ್ತೀರಿ" ಅಂದರು. ಹದಿನೈದು ದಿನ, ಮಾರಾಯ್ರೆ! ಊಟ ಬಡಿಸಿದ್ದು ನಾನೇ. ಅವರು ಉಣ್ಣುವುದನ್ನು ನೋಡಿರಲಿಲ್ಲ.

ಹಿಂದೆಲ್ಲ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದರು ಅಂತ ಹೇಳುವವರುಂಟು. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನನ್ನ ತವರಿನಲ್ಲಿ ಗಂಡಸರು, ಮಕ್ಕಳು ಮೊದಲು. ಅಮ್ಮ, ದೊಡ್ಡಮ್ಮ ಕೊನೆಗೆ. ಅಷ್ಟು ಹೊತ್ತಿಗೆ ಮೀನಿನ ಸಾರಿನಲ್ಲಿ ಬಂಗುಡೆಯ ತಲೆ ಮಾತ್ರ ಉಳಿದಿರುತ್ತಿತ್ತು. 'ತಲೆಯೇ ರುಚಿ' ಅನ್ನುತ್ತಿದ್ದರು ಅಮ್ಮ. ನಾವು ನಂಬಿದ್ದೆವು. ಹಾಗಾಗಿ ನಮ್ಮ ಮನೆಯಲ್ಲಿ ಮಾಡಿದ ಮೊದಲ ಬದಲಾವಣೆ ಹೊತ್ತಿನದ್ದಲ್ಲ. ಅನ್ನ, ಸಾರು, ಪಲ್ಯ, ಉಪ್ಪಿನಕಾಯಿ ಭರಣಿ ಎಲ್ಲ ನಡುವಿಗೆ ಬಂತು. ಬೇಕಾದವರು ಬಡಿಸಿಕೊಳ್ಳುವುದು. ನಾನು ಒಮ್ಮೆ ಕೂತರೆ ಏಳುವುದಿಲ್ಲ.

ಹೊತ್ತು ಒಂಬತ್ತೂಕಾಲು. ತಡವೇ, ಆದರೆ ಕೊನೆಗೆ ಬರುವವರ ಗಂಟೆ ಅದು. ಅತ್ತೆ ಏಳೂವರೆಗೇ ಉಂಡು ಮಾತ್ರೆ ತಗೊಳ್ಳುತ್ತಾರೆ. ಮತ್ತೆ ಒಂಬತ್ತೂಕಾಲಿಗೆ ಮಜ್ಜಿಗೆ ಲೋಟ ಹಿಡಿದು ಬಂದು ಕೂರುತ್ತಾರೆ. ಜಾಸ್ತಿ ಮಾತು ಅವರದ್ದೇ.

ಕೃಷ್ಣಮಠದ ಪರ್ಯಾಯ ನಿಮಗೆ ನಾನು ಹೇಳಬೇಕಾಗಿಲ್ಲ. ಕೃಷ್ಣಪೂಜೆಯ ಸರದಿ ಬಂದ ಮಠ ಎರಡು ವರ್ಷ ಬಂದವರಿಗೆಲ್ಲ ಊಟ ಹಾಕಬೇಕು. ಅದಕ್ಕೆ ಒಂದು ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತ, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತ. ಉಣ್ಣುವ ಎಲೆಯಿಂದಲೇ ತಯಾರಿ ಶುರು. ಐದು ಜನರ ಮನೆಯವರು ನಾವು ಮಾತ್ರ ರಾತ್ರಿ ಎಂಟಕ್ಕೆ 'ಇವತ್ತು ಎಂತ ಮಾಡುವುದು?' ಅಂತ ಫ್ರಿಜ್ ಬಾಗಿಲು ತೆರೆದು ನಿಲ್ಲುತ್ತೇವೆ. ಈಗ ನಮ್ಮಲ್ಲಿ ಭಾನುವಾರ ತೆಂಗಿನಕಾಯಿ ಮುಹೂರ್ತ ಉಂಟು! ವಾರಕ್ಕೆ ಬೇಕಾದಷ್ಟು ತುರಿದು ಫ್ರೀಜರಿಗೆ. ತುರಿಯುವುದು ಯಜಮಾನರು. ಕುಚ್ಚಲಕ್ಕಿ ಬೇಯಲಿಕ್ಕೆ ಹೊತ್ತು ಬೇಕಲ್ಲ, ಮಗ ಟ್ಯೂಷನ್‌ಗೆ ಹೋಗುವ ಮೊದಲು ಚೆನ್ನಾಗಿ ಕುದಿಸಿ ಥರ್ಮಲ್ ಕುಕ್ಕರಿನಲ್ಲಿ ಇಟ್ಟು ಹೋಗುತ್ತಾನೆ. ಅದು ತನ್ನಷ್ಟಕ್ಕೆ ಬೇಯುತ್ತದೆ. ಏನೂ ಆಗದ ದಿನ ಗಂಜಿ, ಚಟ್ನಿ.

ಹೊತ್ತಿದ್ದರೆ ಸಾಕು ಅಂತಲೂ ಇಲ್ಲ. ನಮ್ಮ ಪರಿಚಯದ ಒಬ್ಬರು ಮಲ್ಪೆಯಲ್ಲಿ ಆಳಸಮುದ್ರ ಬೋಟಿಗೆ ಹೋಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟಿಗೆ ರಜೆ. "ಅಕ್ಕ, ಕಡಲಲ್ಲಿ ನಾವು ಎಲ್ಲರೂ ಒಟ್ಟಿಗೇ ಉಣ್ಣುವುದು. ಮನೆಗೆ ಬಂದರೆ ನಾನೊಬ್ಬನೇ, ಟಿವಿ ಎದುರು" ಅಂದರು.

ನಮ್ಮಲ್ಲೂ ದಿನಾ ಆಗುವುದಿಲ್ಲ. ವಾರಕ್ಕೆ ನಾಲ್ಕು ದಿನ ಆದರೆ ಹೆಚ್ಚು. ಮೊಬೈಲ್ ವಿಷಯದಲ್ಲಿ ಇನ್ನೂ ಜಗಳ ಉಂಟು, ಅದರಲ್ಲಿ ಯಜಮಾನರೇ ಮೊದಲ ಅಪರಾಧಿ.

ಪ್ರಶ್ನೆ ಇದ್ದರೆ ಕೇಳಿ. ಆದರೆ ಈಗಲೇ ಎಂಟೂವರೆ ಆಯ್ತು, ಮತ್ತೆ ಇವತ್ತು ಮೊಸರು ತರುವ ಪಾಳಿ ನನ್ನದು.