ಬರೆಯುವ ಮೊದಲು ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತವರು ಯಾರು ಅಂತ ನನಗೆ ಸ್ವಲ್ಪ ಅಂದಾಜಿದೆ. ಜಗಲಿಯಲ್ಲಿ ತಡ್ಪೆ ಮಡಿಲಿಗಿಟ್ಟು ಬೀಡಿ ಕಟ್ಟುವ ಅಕ್ಕಂದಿರು. ಮಧ್ಯಾಹ್ನದ ಪದಾರ್ಥಕ್ಕೆ ಕಾಯಿ ತುರಿಯುತ್ತಿರುವ ಅಮ್ಮಂದಿರು. ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುತ್ತಿರುವ ರಿಕ್ಷಾದ ಅಣ್ಣಂದಿರು. ನಿಮ್ಮಲ್ಲಿ ಯಾರೋ ಒಬ್ಬರಿಗೆ ಕಥೆ ಬರೆಯಬೇಕು ಅಂತ ಆಸೆ ಇದೆ. ಯಾರ ಹತ್ತಿರವೂ ಹೇಳಿಲ್ಲ, ಅಷ್ಟೇ. ಈ ಮಾತು ಅವರಿಗೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಈಗ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಥಾ ಕಮ್ಮಟ ಮಾಡುತ್ತೇನೆ. ಎಲ್ಲಿ ಹೋದರೂ ದೊಡ್ಡವರು ಬಂದು ಕೇಳುವುದು ಒಂದೇ. ಟೀಚರ್, ಬರೆಯಲಿಕ್ಕೆ ಎಲ್ಲಿಂದ ಶುರು ಮಾಡುವುದು? ಯಾವ ಪುಸ್ತಕ ಓದಬೇಕು? ಸ್ಫೂರ್ತಿ ಬರುವುದು ಹೇಗೆ? ಸ್ಫೂರ್ತಿ ಎನ್ನುವ ಶಬ್ದ ಕೇಳಿದರೆ ನನಗೆ ಈಗ ಸ್ವಲ್ಪ ತಾಳ್ಮೆ ತಪ್ಪುತ್ತದೆ. ಅದಕ್ಕೆ ಕಾಯುತ್ತಾ ಹತ್ತು ವರ್ಷ ಕಳೆದವರನ್ನು ನಾನು ನೋಡಿದ್ದೇನೆ. ನನ್ನ ಉತ್ತರ ಒಂದೇ. ಬರೆಯುವ ಮೊದಲು ಹೇಳಿ. ಒಬ್ಬರಿಗೆ, ಎದುರು ಕೂರಿಸಿಕೊಂಡು, ಬಾಯಿ ಬಿಟ್ಟು ಹೇಳಿ.

ಇದು ನಾನು ಹೊಸತಾಗಿ ಕಂಡುಹಿಡಿದದ್ದಲ್ಲ. ನಮ್ಮ ಊರಿನದ್ದೇ ದಾರಿ. ನಂದಳಿಕೆಯ ಲಕ್ಷ್ಮೀನಾರಣಪ್ಪ ಗೊತ್ತಲ್ವಾ? ಕವಿ ಮುದ್ದಣ ಅಂದರೆ ಎಲ್ಲರಿಗೂ ಗೊತ್ತು. 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಹೋದರು. ಉಡುಪಿಯ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಅವರ ‘ಶ್ರೀರಾಮಾಶ್ವಮೇಧ’ ಹೇಗೆ ಶುರುವಾಗುತ್ತದೆ? ಹೊರಗೆ ಮಳೆ. ಗಂಡ ಮನೆಗೆ ಬರುತ್ತಾನೆ. ಮನೋರಮೆ ಉಪಚಾರ ಮಾಡಿ, ಹೊತ್ತು ಕಳೆಯಲು ಒಂದು ಕಥೆ ಹೇಳಿ ಅನ್ನುತ್ತಾಳೆ. ಆಮೇಲೆ ಅವಳು ಸುಮ್ನೆ ಕೂರುವುದಿಲ್ಲ. ಪದ್ಯದಲ್ಲಿ ಬೇಡ, ಗದ್ಯದಲ್ಲಿ ಹೇಳಿ ಅನ್ನುತ್ತಾಳೆ. ಸಂಸ್ಕೃತ ಜಾಸ್ತಿಯಾದರೆ ಗಂಟಲಲ್ಲಿ ಇಳಿಯುವುದಿಲ್ಲ ಅಂತ ದೂರುತ್ತಾಳೆ. ಅವನು ದಾರಿ ಬದಲಿಸುತ್ತಾನೆ. ಕಾವ್ಯ ಅಂದರೆ ಪದ್ಯವೇ ಅಂದುಕೊಂಡಿದ್ದ ಕಾಲದಲ್ಲಿ ಅಂಥ ಗದ್ಯ ಹುಟ್ಟಿತು. ಕೇಳುವವಳು ಕೇಳಿದ ಹಾಗೆ ಕಥೆ ತಿರುಗಿತು ನೋಡಿ. ಮುದ್ದಣ ತನ್ನ ಹೆಸರನ್ನೂ ಹಾಕಿಕೊಳ್ಳಲಿಲ್ಲ, ಯಾರೋ ಹಳೆಯ ಕವಿಯದ್ದು ಅಂತ ಕಳುಹಿಸಿದರು. ಆದರೆ ಆ ಮನೋರಮೆಯನ್ನು ಮಾತ್ರ ಬಿಡಲಿಲ್ಲ. ಅವಳಿಲ್ಲದೆ ಆ ಪುಸ್ತಕ ಇಲ್ಲ.

ಈಗ ನನ್ನ ಶಾಲೆಯ ಒಬ್ಬ ಹುಡುಗನ ವಿಷಯ ಹೇಳಬೇಕು. ಹೆಸರು ಬೇಡ. ಅವನ ಅಪ್ಪ ಮಲ್ಪೆಯಿಂದ ಬೋಟಿಗೆ ಹೋಗುತ್ತಿದ್ದರು. ಆಳಸಮುದ್ರದ ಬೋಟು, ಹೋದರೆ ಹತ್ತು ದಿನ ಮನೆಗೆ ಬರುವ ಹಾಗಿಲ್ಲ. ಹುಡುಗ ಒಂಬತ್ತನೇ ಕ್ಲಾಸು. ಪ್ರಬಂಧ ಅಂದರೆ ಅವನಿಗೆ ಜ್ವರ. ಜುಲೈಯಲ್ಲಿ ‘ಮಳೆಗಾಲ’ ಅಂತ ಪ್ರಬಂಧ ಕೊಟ್ಟಿದ್ದೆ. ನಾಲ್ಕೇ ಸಾಲು ಬರೆದಿದ್ದ. ಮಳೆಗಾಲವು ಬಹಳ ಸುಂದರ. ರೈತರು ಸಂತೋಷಪಡುತ್ತಾರೆ. ಕೆರೆ ಬಾವಿಗಳು ತುಂಬುತ್ತವೆ. ಮಳೆ ಇಲ್ಲದೆ ಜೀವನವಿಲ್ಲ. ಗೈಡಿನಿಂದ ನೋಡಿ ಬರೆದದ್ದು. ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕಿ, ‘ಸಾಲದು’ ಅಂತ ಬರೆದು ವಾಪಸು ಕೊಟ್ಟೆ.

ಅದೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅಡುಗೆ ಕೋಣೆಯ ಹತ್ತಿರ ಹೋದೆ. ಒಳಗೆ ಅವನ ದನಿ ಕೇಳಿತು. ಬಿಸಿಯೂಟದ ಅಕ್ಕ ಪಾತ್ರೆ ತಿಕ್ಕುತ್ತಿದ್ದರು. ಇವನು ಬಾಗಿಲ ಹತ್ತಿರ ಕೂತು ಹೇಳುತ್ತಿದ್ದ. ನಿಮಗೆಲ್ಲ ಗೊತ್ತು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಹಾಗಾಗಿ ಅಪ್ಪ ಆ ಎರಡು ತಿಂಗಳು ಮನೆಯಲ್ಲಿ.

“ಅಪ್ಪನಿಗೆ ಮನೆಯಲ್ಲಿ ನಿದ್ದೆ ಬರುವುದಿಲ್ಲ ಅಕ್ಕ” ಅಂದ.

“ಯಾಕೆ ಮಾರಾಯ?”

“ಮನೆ ಅಲ್ಲಾಡುವುದಿಲ್ಲ ಅಲ್ವಾ? ಅದಕ್ಕೆ.”

ಅಕ್ಕ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದರು. ನಾನು ಹೊರಗೆ ನಿಂತೇಬಿಟ್ಟೆ.

“ಮತ್ತೆ ಎಲ್ಲಿ ಮಲಗ್ತಾರೆ?”

“ಮೊದಲು ಜಗಲಿಯಲ್ಲಿ ನೋಡಿದರು. ಆಮೇಲೆ ಅಜ್ಜಿಯ ಹಗ್ಗದ ಮಂಚದಲ್ಲಿ. ಈಗ ರಾತ್ರಿ ಊಟ ಮಾಡಿ ದಕ್ಕೆಗೆ ಹೋಗ್ತಾರೆ. ಕಟ್ಟಿ ಹಾಕಿದ ಬೋಟಿನಲ್ಲೇ ಮಲಗ್ತಾರೆ.”

“ಅಮ್ಮ ಏನೂ ಹೇಳುವುದಿಲ್ವಾ?”

“ಅಮ್ಮನಿಗೆ ಸಿಟ್ಟು. ವರ್ಷಕ್ಕೆ ಎರಡು ತಿಂಗಳು ಸಿಗುವ ಗಂಡ, ಅದೂ ಬೋಟಿಗೇ ಹೋಗ್ತಾನೆ ಅಂತ. ಆದರೂ ಬೆಳಿಗ್ಗೆ ಬುತ್ತಿಯಲ್ಲಿ ಗಂಜಿ ಹಾಕಿ, ಉಪ್ಪಿನಕಾಯಿ ಇಟ್ಟು, ನನ್ನ ಕೈಯಲ್ಲಿ ಕಳಿಸ್ತಾರೆ.”

ನಾನು ಆವತ್ತು ಊಟ ಮಾಡಿದ್ದೇನೋ ಇಲ್ಲವೋ ನೆನಪಿಲ್ಲ. ನಾಲ್ಕು ಸಾಲಿನ ಹುಡುಗನ ಹತ್ತಿರ ಇಷ್ಟು ಇತ್ತು. ನಾನು ‘ಸಾಲದು’ ಅಂತ ಬರೆದಿದ್ದೆ. ತಪ್ಪು ನನ್ನದು. ಅವನನ್ನು ಒಮ್ಮೆಯೂ ಮಾತಾಡಿಸದೆ ಬರೆಯಲು ಹೇಳಿದ್ದೆ.

ಸಂಜೆ ಕರೆದು, ಅಕ್ಕನಿಗೆ ಹೇಳಿದ್ದನ್ನು ಬರೆದುಕೊಂಡು ಬಾ ಅಂದೆ. ಮರುದಿನ ತಂದ. ಓದಿದರೆ ಮತ್ತೆ ಅದೇ! ‘ಮೀನುಗಾರರ ಜೀವನವು ಬಹಳ ಕಷ್ಟಕರವಾಗಿದೆ.’ ಪೆನ್ನು ಹಿಡಿದ ಕೂಡಲೇ ಅವನೊಳಗೆ ಗೈಡು ಬಂದು ಕೂರುತ್ತದೆ. ಇದು ಮಕ್ಕಳಿಗೆ ಮಾತ್ರ ಅಲ್ಲ, ದೊಡ್ಡವರಿಗೂ ಹಾಗೆಯೇ. ಕಾಗದ ಕಂಡರೆ ನಾವೆಲ್ಲ ಭಾಷಣಕ್ಕೆ ನಿಂತವರ ಹಾಗೆ ಆಗುತ್ತೇವೆ.

ಆಗ ನನಗೆ ಒಂದು ಉಪಾಯ ಹೊಳೆಯಿತು. ಅವನನ್ನು ಪುನಃ ಅಡುಗೆ ಕೋಣೆಗೆ ಕರೆದುಕೊಂಡು ಹೋದೆ. ಅಕ್ಕನಿಗೆ ಇನ್ನೊಮ್ಮೆ ಹೇಳು ಅಂದೆ. ನಾನು ಬದಿಯಲ್ಲಿ ಕೂತು, ಅವನು ಹೇಳಿದ್ದನ್ನು ಬರೆದುಕೊಳ್ಳಲಿಲ್ಲ. ಅಕ್ಕ ಕೇಳಿದ ಪ್ರಶ್ನೆಗಳನ್ನು ಮಾತ್ರ ಬರೆದುಕೊಂಡೆ. ಯಾಕೆ? ಮತ್ತೆ ಎಲ್ಲಿ? ಅಮ್ಮ ಏನು ಹೇಳಿದರು? ದಕ್ಕೆಯಲ್ಲಿ ರಾತ್ರಿ ಬೆಳಕಿದೆಯಾ? ಅಪ್ಪನನ್ನು ಎಬ್ಬಿಸುವಾಗ ಏನಂತ ಕರೀತೀಯಾ? ಒಟ್ಟು ಹನ್ನೊಂದು ಪ್ರಶ್ನೆ ಆಯಿತು. ಆ ಚೀಟಿಯನ್ನು ಅವನ ಕೈಗೆ ಕೊಟ್ಟೆ. ಇವಕ್ಕೆ ಮಾತ್ರ ಉತ್ತರ ಬರಿ, ಬೇರೆ ಒಂದು ಅಕ್ಷರ ಬೇಡ ಅಂದೆ.

ಮೂರು ಪುಟ ಬರೆದ. ನನ್ನ ಮೂವತ್ತು ವರ್ಷದಲ್ಲಿ ಓದಿದ ಒಳ್ಳೆಯ ಪ್ರಬಂಧಗಳಲ್ಲಿ ಅದೂ ಒಂದು. ಕೊನೆಯ ಸಾಲು ಈಗಲೂ ಬಾಯಿಗೆ ಬರುತ್ತದೆ. ಅಪ್ಪ ಎದ್ದ ಮೇಲೆ ನಾನು ಐದು ನಿಮಿಷ ಆ ಜಾಗದಲ್ಲಿ ಮಲಗುತ್ತೇನೆ, ಬೋಟು ಅಲ್ಲಾಡುತ್ತದೆ, ಆಮೇಲೆ ಶಾಲೆಗೆ ಬರುತ್ತೇನೆ. ಅಷ್ಟೇ. ಅದನ್ನು ಅಡುಗೆ ಕೋಣೆಯಲ್ಲೇ ಓದಿಸಿದೆ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು, ಆ ಪುಟ ನನಗೆ ಕೊಡು ಅಂದರು.

ಹೇಳುವಾಗ ಎದುರಿನವರು ಎಲ್ಲಿ ‘ಮತ್ತೆ?’ ಅಂದರೋ ಅಲ್ಲಿ ಕಥೆ ಇದೆ. ಎಲ್ಲಿ ಅವರು ಒಲೆಯ ಕಡೆ ನೋಡಿದರೋ, ಮೊಬೈಲ್ ತೆಗೆದರೋ, ಅಲ್ಲಿ ಇಲ್ಲ. ಇದಕ್ಕಿಂತ ದೊಡ್ಡ ಗುರು ಬೇಕಾ? ಒಂದು ಚೀಟಿ ಇಟ್ಟುಕೊಳ್ಳಿ. ನಿಮ್ಮ ಮಾತು ಬರೆಯಬೇಡಿ. ಅವರ ಪ್ರಶ್ನೆ ಬರೆಯಿರಿ.

ಸಮಯ ಹೋದದ್ದು ಗೊತ್ತಾಗಲಿಲ್ಲ, ಇನ್ನು ಸ್ವಲ್ಪ ಬೇಗ ಹೇಳುತ್ತೇನೆ. ನಮ್ಮ ತಾಳಮದ್ದಳೆ ನೋಡಿ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವರು, ಅಲ್ಲೇ ಮಾತು ಕಟ್ಟಬೇಕು. ಎದುರಿನ ಅರ್ಥಧಾರಿ ಒಂದು ಪ್ರಶ್ನೆ ಹಾಕಿದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು, ರಾವಣನನ್ನು ಕೇಳಿದವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಅಂಥ ಮಾತು ಎದುರಿಗೆ ಆಳಿಲ್ಲದೆ ಬರುವುದಿಲ್ಲ.

ಮಾಚಾರಿನ ಗೋಪಾಲ ನಾಯ್ಕರು ಕೃಷಿಕರು. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ, ನಾಯ್ಕರು ಹಾಡಿದ ತುಳು ಸಿರಿ ಪಾಡ್ದನವನ್ನು, ಅಂದರೆ ಸಿರಿಯ ಕಥೆ ಹೇಳುವ ಉದ್ದನೆಯ ಹಾಡನ್ನು, ದಾಖಲಿಸಿದರು. ಎಷ್ಟು ಸಾಲು ಗೊತ್ತಾ? 15,683. ಎಲ್ಲ ಬಾಯಿಯಲ್ಲೇ. ನೇಜಿ ನೆಡುವ ಗದ್ದೆಯಲ್ಲಿ ಒಬ್ಬರು ಹಾಡಿ ಇನ್ನೊಬ್ಬರು ದನಿ ಕೂಡಿಸುವ ಊರಿನಲ್ಲಿ ಮಾತ್ರ ಇಷ್ಟು ಉದ್ದದ ನೆನಪು ಉಳಿದೀತು.

ಸಾರಾ ಅಬೂಬಕ್ಕರ್ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬಾಳಿದವರು. ಅವರ ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆಗ ಅವರಿಗೆ ವಯಸ್ಸು ನಲವತ್ತೈದರ ಹತ್ತಿರ. ನನಗೆ ವಯಸ್ಸಾಯಿತು ಅಂತ ಕಮ್ಮಟದಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರುವವರು ಇದನ್ನು ಕೇಳಿಸಿಕೊಳ್ಳಿ.

ಒಂದು ಮಾತು ಉಳಿಯಿತು. ಯಾರಿಗೆ ಹೇಳುವುದು? ತುಂಬಾ ಓದಿದವರಿಗೆ ಮೊದಲು ಹೇಳಬೇಡಿ. ಅವರು ಪ್ರಶ್ನೆ ಕೇಳುವ ಬದಲು ಅಭಿಪ್ರಾಯ ಹೇಳುತ್ತಾರೆ. ನಿಮ್ಮನ್ನು ಇಷ್ಟಪಡುವ, ಆದರೆ ನಿಮ್ಮ ಮಾತಿಗೆ ಬೋರು ಹೊಡೆದರೆ ಮುಖದಲ್ಲೇ ತೋರಿಸುವ ಒಬ್ಬರನ್ನು ಹುಡುಕಿ. ಬೀಡಿ ಕಟ್ಟುವಾಗ ನಿಮ್ಮ ಪಕ್ಕದಲ್ಲಿ ಕೂತ ಅಕ್ಕ ಆಗಬಹುದು. ಮನೆಯ ಸಣ್ಣ ಮಗು ಆದರೆ ಇನ್ನೂ ಒಳ್ಳೆಯದು.

ರೇಡಿಯೋದಲ್ಲಿ ನನಗೆ ನಿಮ್ಮ ಮುಖ ಕಾಣುವುದಿಲ್ಲ. ನೀವು ‘ಮತ್ತೆ?’ ಅಂದದ್ದೂ ಕೇಳುವುದಿಲ್ಲ. ಆದರೆ ಪಕ್ಕದಲ್ಲಿ ಕೂತವರಿಗೆ ನೀವು ಕಾಣುತ್ತೀರಿ. ಈ ಕಾರ್ಯಕ್ರಮ ಮುಗಿದ ಮೇಲೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡಿ, ಅವರ ಕಡೆ ತಿರುಗಿ.

ನಮಸ್ಕಾರ.